ನಲವತ್ತೊಂದು ಮಂದಿ ಅಲುಗಾಡಿದ ಫೋಟೊ

ಗದಗ
ಗಾಳಿ ತಿಂಗಳ ಮೂವತ್ತೆಂಟು, 2191

ಟಾಕೀಸಿಗೆ ಹೋಗುವ ನಿಮಗೆ, ಸುಗಲಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮಗೆ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ಕೊನೆಗೆ ಉಳಿಯುವ ಐದಾರು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಬಿಡುದಿನ ಎಂದು ಕರೆಯುತ್ತೇವೆ. ಗಾಳಿ ತಿಂಗಳೆಂದರೆ ನಿಮ್ಮ ಆಷಾಢದ ಆಸುಪಾಸು. ಒಣಹಾಕಿದ ಬಟ್ಟೆ ಪಕ್ಕದ ಓಣಿಯಲ್ಲಿ ಸಿಗುವ ಕಾಲ. ನನ್ನ ಬರವಣಿಗೆ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ಕಾಲೇಜಿನಲ್ಲಿ ಮೂರು ವರ್ಷ ಓದಿದ್ದೇನೆ, ಆದರೆ ಆ ಕಾಲದವರಿಗೇ ಬರೆಯುತ್ತಿರುವುದು ಇದೇ ಮೊದಲು. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂಬುದೂ ನನಗೆ ಗೊತ್ತಿದೆ. ಆದರೂ ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದಿದೆ, ಅದನ್ನು ನಿಮ್ಮನ್ನು ಬಿಟ್ಟು ಬೇರೆಯವರಲ್ಲಿ ಕೇಳುವ ಹಾಗಿಲ್ಲ.

ನಮ್ಮ ಕಾಲದಲ್ಲಿ ಸಿನಿಮಾ ಇಲ್ಲವೆಂದು ತಿಳಿಯಬೇಡಿ. ನಿಮಗಿಂತ ಹೆಚ್ಚೇ ಇದೆ. ಏಳು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಕಣ್ತೆರೆ ಕೊಡುತ್ತಾರೆ. ಅದು ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಪರದೆ. ಕಣ್ಣಿಗೆ ಹಾಕಿಕೊಂಡರೆ ನಮ್ಮ ಮನಸ್ಸಿನ ಹದ ನೋಡಿಕೊಂಡು ಅಲ್ಲೇ ಒಂದು ಕಥೆ ಕಟ್ಟಿ ತೋರಿಸುತ್ತದೆ. ಅದನ್ನು ತನ್ನಕಥೆ ಎನ್ನುತ್ತೇವೆ. ನನ್ನ ತನ್ನಕಥೆಗಳಲ್ಲಿ ಹೆಚ್ಚು ಜನರಿರುವುದಿಲ್ಲ, ಇದ್ದವರೂ ಮೆಲ್ಲಗೆ ಮಾತಾಡುತ್ತಾರೆ. ಸಂಜೆ ಪಡಸಾಲೆಯಲ್ಲಿ ಅಪ್ಪ, ಅವ್ವ, ತಂಗಿ, ನಾನು ಒಂದೇ ಚಾಪೆಯ ಮೇಲೆ ಕುಳಿತು ನಾಲ್ಕು ತನ್ನಕಥೆ ನೋಡುತ್ತೇವೆ. ಅವ್ವ ಇದ್ದಕ್ಕಿದ್ದಂತೆ ನಗುತ್ತಾಳೆ. ಯಾಕೆ ನಕ್ಕೆ ಎಂದು ಕೇಳುವುದು ನಮ್ಮಲ್ಲಿ ಒಳ್ಳೆಯ ನಡತೆಯಲ್ಲ. ಒಮ್ಮೆ ಕೇಳಿದೆ. ಅವ್ವ ಹೇಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. "ಹೋಗ್ಲಿ ಬಿಡು, ನೀ ನೋಡಿದ್ದರ ಗೊತ್ತಾಗ್ತಿತ್ತು" ಎಂದಳು. ಅವಳ ತನ್ನಕಥೆಯನ್ನು ನಾನು ನೋಡುವುದು ಎಂದೂ ಸಾಧ್ಯವಿಲ್ಲ.

ನಮ್ಮ ಊರಿನಲ್ಲಿ ನಿಮ್ಮ ಕಾಲದ ಒಂದು ಟಾಕೀಸು ಇನ್ನೂ ಇದೆ. ಗೋಡೆ ಎರಡು ಮೊಳ ದಪ್ಪ, ಬೇಸಿಗೆಯಲ್ಲೂ ಒಳಗೆ ತಂಪು. ಮೌಲಾಲಿ ಚಾಚಾ ಆರು ವರ್ಷ ತಿಣುಕಾಡಿ ಅಲ್ಲಿನ ಪ್ರೊಜೆಕ್ಟರನ್ನು ರಿಪೇರಿ ಮಾಡಿದರು. ಅವರು ಗಾಳಿಯಂತ್ರಗಳ ಮೆಕ್ಯಾನಿಕ್ ಆಗಿದ್ದವರು, ಈಗ ಎಪ್ಪತ್ತು ದಾಟಿದೆ. ತಗಡಿನ ಡಬ್ಬಿಗಳಲ್ಲಿ ಮೂರು ಸಿನಿಮಾಗಳ ರೀಲು ಸಿಕ್ಕಿವೆ. ಅವುಗಳ ಮಾತುಗಳನ್ನು ಈಗಿನವರಿಗೆ ಅರ್ಥವಾಗುವಂತೆ ಬರೆದುಕೊಡಲು ಸಾಹಿತ್ಯ ಓದಿದವರೊಬ್ಬರು ಬೇಕಾಗಿತ್ತು, ಹಾಗೆ ನಾನು ಅಲ್ಲಿಗೆ ಹೋದೆ. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಯಾರ ಕಣ್ಣಿಗೂ ಬೀಳದೆ ಎಲ್ಲವನ್ನೂ ನೋಡಬಹುದು. ನನಗೆ ಆ ಜಾಗ ಬಹಳ ಹಿಡಿಸಿತು.

ನನ್ನ ಇನ್ನೊಂದು ಹುಚ್ಚು ನಿಮ್ಮ ಕಾಲದ ಇನ್‌ಸ್ಟಂಟ್ ಕ್ಯಾಮೆರಾ. ಒತ್ತಿದ ತಕ್ಷಣ ಫೋಟೊವನ್ನು ಬಾಯಿಂದ ಹೊರಗೆ ತಳ್ಳುತ್ತದಲ್ಲ, ಅದೇ. ಫಿಲ್ಮನ್ನು ನಾನೇ ಮಾಡಿಕೊಳ್ಳುತ್ತೇನೆ. ಹಾಳೆಗೆ ಬೆಳ್ಳಿಯ ಲೇಪ, ಅಂಚಿನಲ್ಲಿ ರಸದ ಒಂದು ಪುಟ್ಟ ಚೀಲ. ಹೊರಬರುವಾಗ ಎರಡು ಉರುಳೆಗಳ ನಡುವೆ ಚೀಲ ಒಡೆದು ರಸ ಹರಡಬೇಕು. ಹವ್ಯಾಸಕ್ಕೆಂದು ನಮಗೆ ಸಿಗುವ ಬೆಳ್ಳಿಯಲ್ಲಿ ವರ್ಷಕ್ಕೆ ಎಂಟು ಹಾಳೆ ಮಾತ್ರ ಆಗುತ್ತವೆ. ಚಿತ್ರ ಬರುವಾಗ ಮೊದಲು ಕಪ್ಪು ಮೂಡುತ್ತದೆ: ತಲೆಗೂದಲು, ಬಾಗಿಲ ಸಂದಿ, ಕಣ್ಣಿನ ಗೊಂಬೆ. ಮುಖ ಆಮೇಲೆ ಬರುತ್ತದೆ. ಥಂಡಿ ಇದ್ದರೆ ಹಾಳೆಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಕಾಯುತ್ತೇನೆ. ಆ ಐದು ನಿಮಿಷ ನಾನು ಏನನ್ನೂ ಬದಲಿಸುವ ಹಾಗಿಲ್ಲ. ನಮ್ಮ ಉಳಿದ ಚಿತ್ರಗಳನ್ನೆಲ್ಲ ಯಾರು ಬೇಕಾದರೂ ಎಷ್ಟು ಬೇಕಾದರೂ ತಿದ್ದಬಹುದು, ಆದ್ದರಿಂದಲೇ ಅವನ್ನು ಯಾರೂ ಸಾಕ್ಷಿಯೆಂದು ಒಪ್ಪುವುದಿಲ್ಲ. ಈ ಹಾಳೆಗೆ ಎರಡನೆಯ ಪ್ರತಿಯಿಲ್ಲ, ತಿದ್ದಲು ಬರುವುದಿಲ್ಲ. ಹಾಗಾಗಿ ವಾರ್ಡ್ ಸಭೆಯವರು ನಂಬುವ ಒಂದೇ ಚಿತ್ರ ಇದು.

ಈ ವರ್ಷ ಆ ನಂಬಿಕೆಯೇ ನನ್ನ ತಲೆಗೆ ಬಂತು. ಊರಿನ ಬೀಜ ಇಡಲು ತಂಪಾದ ಕಟ್ಟಡ ಬೇಕು, ಟಾಕೀಸನ್ನು ಬಿಟ್ಟುಕೊಡಿ ಎಂದು ಸಭೆ ಕೇಳಿತು. ಬೀಜಕ್ಕೆ ಜಾಗ ಬೇಡವೆಂದು ಯಾರು ಹೇಳಲು ಸಾಧ್ಯ? ಸಭೆಯ ಹಿರಿಯರಾದ ಗುರಸಿದ್ದವ್ವನವರು ಕೆಟ್ಟವರಲ್ಲ, ನೇರ ಮಾತಿನವರು. ಚಾಚಾ ಮತ್ತು ನಾನು ಅವರ ಮುಂದೆ ನಿಂತಿದ್ದೆವು.

"ಮೌಲಾಲಿ, ನಿಮ್ಮ ಟಾಕೀಸಿಗೆ ಮಂದಿ ಬರ್ತಾರ, ನಾ ಇಲ್ಲ ಅನ್ನಂಗಿಲ್ಲ. ಬಂದು ತಂಪಿಗೆ ಕುಂತು ತಮ್ಮ ತಮ್ಮ ಕಣ್ತೆರಿ ಹಾಕ್ಕೋತಾರ. ಅದಕ್ಕ ಅಷ್ಟು ದೊಡ್ಡ ಹಾಲ್ ಯಾಕ ಬೇಕ?"

"ಕೂಡಿ ನೋಡೋರೂ ಅದಾರವ್ವಾ."

"ಅದಾರಂದ್ರ ತೋರಸು. ನಲವತ್ತು ಮಂದಿ ಒಂದ ಸಿನಿಮಾನ ಕೂಡಿ ನೋಡಿದ್ರು ಅಂತ ಸಾಕ್ಷಿ ತಾ. ನೀವು ಹಾಲ್ ಬೇಕನ್ನೋರು, ನಿಮ್ಮ ಬಾಯಿಮಾತು ನಡ್ಯಂಗಿಲ್ಲ. ಈ ಹುಡುಗಿ ಹಾಳಿ ಮ್ಯಾಲೆ ಫೋಟೊ ತಗೀತಾಳಂತಲ್ಲ, ಅದನ್ನ ತಾ."

ಗಾಳಿ ತಿಂಗಳು ಮುಗಿಯುವುದರೊಳಗೆ ತರಬೇಕಿತ್ತು. ಈ ವರ್ಷದ ಏಳು ಹಾಳೆ ಆಗಲೇ ಮುಗಿದಿದ್ದವು. ಕೋಟೆಯ ಮೆಟ್ಟಿಲು, ತಂಗಿಯ ಜಡೆ, ಪ್ರೊಜೆಕ್ಟರಿನ ಬಾಯಿಗೆ ಎಣ್ಣೆ ಬಿಡುವ ಚಾಚಾನ ಕೈ, ಹೀಗೆ ನನಗೆ ಚಂದ ಕಂಡದ್ದಕ್ಕೆಲ್ಲ ಖರ್ಚು ಮಾಡಿದ್ದೆ. ಉಳಿದದ್ದು ಒಂದೇ ಒಂದು.

ಕತ್ತಲ ಹಾಲಿನಲ್ಲಿ ಬೆಳಕೆಂದರೆ ಪರದೆಯದು ಮಾತ್ರ. ಅದರಲ್ಲಿ ಫೋಟೊ ಬರಬೇಕಾದರೆ ಕ್ಯಾಮೆರಾದ ಕಣ್ಣನ್ನು ಎಂಟು ಎಣಿಸುವವರೆಗೆ ತೆರೆದಿಡಬೇಕು, ಅಷ್ಟು ಹೊತ್ತು ಯಾರೂ ಅಲುಗಾಡಬಾರದು. ಮಾತು ಬರೆದು ಮುಗಿಸಿದ್ದ ಮೊದಲ ಸಿನಿಮಾವನ್ನೇ ಮತ್ತೆ ಮತ್ತೆ ನೋಡಿ ಒಂದು ದೃಶ್ಯ ಆರಿಸಿದೆ. ಅದರಲ್ಲಿ ಹೆಣ್ಣು ನೋಡಲು ಬಂದ ಒಬ್ಬ ಸಂಕೋಚದ ಮನುಷ್ಯನಿದ್ದಾನೆ. ಬೆಳ್ಳಗೆ ಸುಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಾನೆ, ಕೈಯಲ್ಲಿ ಮಿರ್ಚಿ ಭಜಿಯ ತಟ್ಟೆ. ಒಂದನ್ನು ಇಡಿಯಾಗಿ ಬಾಯಿಗಿಡುತ್ತಾನೆ. ಖಾರ ನೆತ್ತಿಗೇರುತ್ತದೆ. ನೀರು ಕೇಳಲು ನಾಚಿಕೆ. ಸುಮ್ಮನೆ ಕುಳಿತೇ ಇರುತ್ತಾನೆ, ಕಣ್ಣಿಂದ ನೀರು ಇಳಿಯುತ್ತದೆ. ಮಾತಿಲ್ಲ, ಸಂಗೀತವಿಲ್ಲ, ಬಿಳಿ ಗೋಡೆಯಿಂದಾಗಿ ಪರದೆಯ ಬೆಳಕು ಜೋರು. ನಾನು ಅದನ್ನು ಒಂಬತ್ತು ಸಲ ಒಬ್ಬಳೇ ನೋಡಿದ್ದೆ. ಪ್ರತಿ ಸಲವೂ ಆ ಮನುಷ್ಯನ ಮೇಲೆ ನನಗೆ ಮರುಕ ಹುಟ್ಟುತ್ತಿತ್ತು. ಅವನ ಜಾಗದಲ್ಲಿ ನಾನಿದ್ದರೂ ನೀರು ಕೇಳುತ್ತಿರಲಿಲ್ಲ. ಇಡೀ ಸಿನಿಮಾದಲ್ಲಿ ಜನ ಉಸಿರು ಹಿಡಿದು ಕೂರುವ ಜಾಗ ಇದೇ ಎಂದು ನನಗೆ ಅನುಮಾನವೇ ಇರಲಿಲ್ಲ.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ನಲವತ್ತೆರಡು ಮಂದಿ ಬಂದರು. ಬಾಗಿಲಲ್ಲಿ ಚಾಚಾ ಒಂದು ಅಗಲವಾದ ಪರಾತ ಹಿಡಿದು ನಿಂತು ಎಲ್ಲರ ಕಣ್ತೆರೆ ತೆಗೆಸಿದರು. ಕೆಲವರಿಗೆ ಬರಿಗಣ್ಣಿನಲ್ಲಿ ಅಷ್ಟು ದೂರ ನೋಡಿ ಅಭ್ಯಾಸವಿರಲಿಲ್ಲ, ಗೋಡೆ ಸವರುತ್ತ ನಡೆದರು. ನಮ್ಮ ಓಣಿಯ ತಿರಕಪ್ಪ ಕಾಕಾ ಮೊದಲ ಸಾಲಿನ ನಟ್ಟನಡುವೆ ಕುಳಿತು, ಚಪ್ಪಲಿ ಬಿಟ್ಟು, ಎರಡೂ ಕಾಲು ಮೇಲಿಟ್ಟುಕೊಂಡರು.

"ಸುಗಲಾ, ಬೇಸರಾದ್ರ ಮುಂದಕ್ಕ ಓಡಸಾಕ ಗುಂಡಿ ಎಲ್ಲೈತಿ?"

"ಅದು ಇಲ್ಲ ಕಾಕಾ. ಅದು ಬಂದಷ್ಟ ಬರೋದು."

"ಹಂಗಾರ ಕಟ್ಟಿಹಾಕಿದಂಗಾತಲ್ಲಬೇ!"

ನಾನು ಪರದೆಯ ಕೆಳಗೆ ಒಂದು ಪೆಟ್ಟಿಗೆಯ ಹಿಂದೆ, ಜನರಿಗೆ ಎದುರಾಗಿ ಕುಳಿತೆ. ಅಷ್ಟು ಮುಖಗಳನ್ನು ಒಟ್ಟಿಗೆ ಹಿಂದೆಂದೂ ನೋಡಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಬಿಳಿ ಗೋಡೆ ಬಂತು, ಎಲ್ಲ ಮುಖಗಳೂ ಬೆಳಗಿದವು. ಗುಂಡಿ ಒತ್ತಿ ಹಿಡಿದೆ. ಒಂದು. ಮೂರನೆಯ ಸಾಲಿನಲ್ಲಿ ಯಾವುದೋ ಹೆಂಗಸು ಕಿಸಕ್ಕೆಂದಳು. ಎರಡು ಎನ್ನುವುದರೊಳಗೆ ಆಕೆಯ ಪಕ್ಕದವರು, ಹಿಂದಿನವರು, ಆಮೇಲೆ ಹಾಲಿಗೆ ಹಾಲೇ. ಹೊಟ್ಟೆ ಹಿಡಿದುಕೊಂಡು ಮುಂದಿನ ಕುರ್ಚಿಗೆ ಹಣೆ ಹಚ್ಚಿ ನಗುತ್ತಿದ್ದರು. "ನೀರ್ ಕೊಡ್ರೋ ಅವಂಗ!" ಎಂದು ಒಬ್ಬರು ಪರದೆಗೇ ಕೂಗಿದರು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಎಂಟು ಎಣಿಸಿದೆ. ಬಿಟ್ಟಿದ್ದರೂ ಹಾಳೆ ಹೋದಂತೆಯೇ.

ಹಾಳೆಯನ್ನು ಹೊಟ್ಟೆಗೊತ್ತಿಕೊಂಡು ಪೆಟ್ಟಿಗೆಯ ಹಿಂದೆ ಮುದುಡಿ ಕುಳಿತೆ. ಆಮೇಲೆ ತಲೆಯೆತ್ತಿ, ಕೆಳಗಿನಿಂದ ಸೊಟ್ಟಗೆ ಕಾಣುವ ಪರದೆಯಲ್ಲಿ ಆ ಮನುಷ್ಯನನ್ನು ನೋಡಿದೆ. ನನಗೂ ನಗು ಬಂತು. ಒಂಬತ್ತು ಸಲ ನೋಡಿದರೂ ಅದು ನಗುವ ದೃಶ್ಯವೆಂದು ನನಗೆ ಗೊತ್ತಾಗಿರಲಿಲ್ಲ. ನಗುತ್ತಲೇ ಅವನ ಮೇಲೆ ಮರುಕವೂ ಇತ್ತು, ಮೊದಲಿಗಿಂತ ಹೆಚ್ಚೇ ಇತ್ತು ಎಂದು ಈಗ ಅನಿಸುತ್ತದೆ. ಹಾಲ್ ಕೈಬಿಡುವ ಹೊತ್ತಿನಲ್ಲಿ ಹಾಗೆ ನಗುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಗುರಸಿದ್ದವ್ವನವರು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಲವತ್ತೆರಡು ಮಂದಿ ಅಂತೀರಿ. ನನಗ ಕಾಣೋದು ಒಬ್ಬವ. ಅವನೂ ಬಾಯಿ ತಕ್ಕೊಂಡು ನಿದ್ದಿ ಹೊಡ್ಯಾಕತ್ತಾನ. ಇಂವ ತಿರಕ್ಯಾ ಅಲ್ಲೇನು?"

ನಿಜ. ಮೊದಲ ಸಾಲಿನ ನಡುವೆ ತಿರಕಪ್ಪ ಕಾಕಾ ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿದ್ದರು. ಸುತ್ತಲೂ ಇದ್ದ ನಲವತ್ತೊಂದು ಮುಖಗಳು ಬರೀ ಬಿಳಿ ಗೆರೆಗಳು. ಚಾಚಾ ಏನೇನೋ ವಾದಿಸಿದರು, ಕೊನೆಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರು ಹಾಗೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ. ನಾನು ನೆಲ ನೋಡುವುದನ್ನು ಬಿಟ್ಟು ಫೋಟೊ ನೋಡಿದೆ. ಸಭೆಯಲ್ಲಿ ಹನ್ನೊಂದು ಜನರಿದ್ದರು. ನನ್ನ ದನಿ ಎಲ್ಲಿಂದ ಬಂತೋ ತಿಳಿಯದು.

"ಅವ್ವಾರ, ಗೆರಿ ನೋಡ್ರಿ. ಎಲ್ಲಾ ಒಂದ ಕಡೆ ಅದಾವ."

"ಅಂದ್ರ?"

"ಎಲ್ಲಾವೂ ಮ್ಯಾಲಿಂದ ಕೆಳಗ ಇಳದಾವ್ರಿ. ಎಡಕ್ಕ ಒಂದು, ಬಲಕ್ಕ ಒಂದು ಇಲ್ಲ. ಎಲ್ಲಾರೂ ಒಂದ ಹೊತ್ತಿಗೆ ಮುಂದಕ್ಕ ಬಾಗ್ಯಾರ. ತಮ್ಮ ತಮ್ಮ ತನ್ನಕಥಿ ನೋಡೋರು ಹಂಗ ಬಾಗಂಗಿಲ್ರಿ. ಅವರು ನಗಾಕತ್ತಿದ್ರು. ಎಲ್ಲಾರೂ ಒಂದ ದೃಶ್ಯಕ್ಕ."

"ಯಾತಕ್ಕ ನಗಾಕತ್ತಿದ್ರು?"

ಹೇಳಿದೆ. ನಾನು ಕಥೆ ಹೇಳುವವಳಲ್ಲ. ತಟ್ಟೆ, ಭಜಿ, ಬಿಳಿ ಗೋಡೆ, ನೀರು ಕೇಳಲಾರದ ಮನುಷ್ಯ, ಕಣ್ಣೀರು ನೋಡಿ ಅಳಿಯನಾಗುವವನು ಬಹಳ ಮೃದು ಮನಸ್ಸಿನವನೆಂದು ತಾನೂ ಕಣ್ಣೊರೆಸಿಕೊಳ್ಳುವ ಹುಡುಗಿಯ ಅಪ್ಪ, ಇಷ್ಟನ್ನು ತಡವರಿಸುತ್ತ ಹೇಳಿದೆ. ಗುರಸಿದ್ದವ್ವನವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಅವರ ಭುಜ ಅಲುಗಾಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಂಟಲು ಸರಿಮಾಡಿಕೊಂಡು, "ಒಬ್ಬನ ಮುಖ ಕಂಡೈತಿ, ಉಳದವರ ನಗು ಕಂಡೈತಿ. ಸಾಕ್ಷಿ ಅಂತ ಬರಕೋರಿ" ಎಂದರು.

ಟಾಕೀಸು ಮೂರು ವರ್ಷಕ್ಕೆ ನಮಗೆ ಉಳಿದಿದೆ. ಬೀಜಕ್ಕೆ ರೈಲು ನಿಲ್ದಾಣದ ಹಳೆಯ ಗೋದಾಮನ್ನು ತಂಪು ಮಾಡಿಸುತ್ತಾರಂತೆ. ಆ ಕೆಲಸಕ್ಕೆ ಚಾಚಾ ತಾವೇ ಹೋಗುತ್ತೇನೆಂದು ಒಪ್ಪಿಕೊಂಡು ಬಂದರು. ಫೋಟೊ ಮಾತ್ರ ನನಗೆ ಸಿಗಲಿಲ್ಲ. ಅದು ಸಭೆಯ ಪೆಟ್ಟಿಗೆ ಸೇರಿತು. ನಾನು ತೆಗೆದದ್ದರಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಅದೇ. ತಿರಕಪ್ಪ ಕಾಕಾ ದಿನಕ್ಕೊಂದು ನೆವ ಮಾಡಿಕೊಂಡು ಸಭೆಗೆ ಹೋಗಿ ಅದನ್ನು ತೆಗೆಸಿ ನೋಡುತ್ತಾರೆ. "ಅಷ್ಟು ಮಂದ್ಯಾಗ ಚಂದ ಬಂದಿದ್ದು ನಂದ ಒಂದು ಮುಖ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಈಗ ನನ್ನ ಬೇಡಿಕೆ. ನಿಮ್ಮ ಮೂರು ಸಿನಿಮಾ ನಮ್ಮ ಹತ್ತಿರ ಇವೆ, ಇನ್ನೂ ಕೆಲವು ಸಿಗಬಹುದು. ಕಥೆ ನಮಗೆ ತಿಳಿಯುತ್ತದೆ, ಮಾತನ್ನು ನಾನು ಬಿಡಿಸಿಕೊಡಬಲ್ಲೆ. ಆದರೆ ನೀವೆಲ್ಲ ಎಲ್ಲಿ ನಕ್ಕಿರಿ, ಎಲ್ಲಿ ಸೀಟಿ ಹೊಡೆದಿರಿ, ಎಲ್ಲಿ ಹಾಲಿಗೆ ಹಾಲೇ ಸುಮ್ಮನಾಯಿತು ಎಂಬುದು ರೀಲಿನಲ್ಲಿ ಎಲ್ಲೂ ಇಲ್ಲ. ಅದನ್ನು ಯಾರೂ ಬರೆದಿಟ್ಟಿಲ್ಲ. ಎದುರಿಗೇ ನಡೆಯುತ್ತಿದ್ದುದನ್ನು ಬರೆದಿಡಬೇಕೆಂದು ನಿಮಗೆ ಅನಿಸದಿದ್ದುದು ಸಹಜ. ಇನ್ನು ಮುಂದೆ ಟಾಕೀಸಿಗೆ ಹೋದಾಗ ದಯವಿಟ್ಟು ಒಂದು ಸಲ ಪರದೆ ಬಿಟ್ಟು ಪಕ್ಕದವರ ಕಡೆ ತಿರುಗಿ ನೋಡಿ. ಇನ್‌ಸ್ಟಂಟ್ ಫೋಟೊ ತೆಗೆಯುವ ಹವ್ಯಾಸ ನಿಮಗಿದ್ದರೆ, ಅದರ ಕೆಳಗಿನ ಬಿಳಿ ಅಂಚಿನಲ್ಲಿ ಹೆಸರು, ತಾರೀಖಿನ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಇಂಥ ಸಿನಿಮಾ, ಇಂಥ ಕಡೆ ಎಲ್ಲರೂ ನಕ್ಕೆವು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ನಿಲ್ಲುವುದಿಲ್ಲ. ಬರೆದದ್ದನ್ನು ಒಣ ಜಾಗದಲ್ಲಿಡಿ. ಫೋಟೊ ಅಲುಗಾಡಿ ಬಂದಿದ್ದರೂ ಎಸೆಯಬೇಡಿ.

ಬಿಡುದಿನಗಳಲ್ಲಿ ಎರಡನೆಯ ಸಿನಿಮಾ ಹಾಕುತ್ತಿದ್ದೇವೆ. ಅದನ್ನು ನಾನು ಇನ್ನೂ ಒಬ್ಬಳೇ ಕುಳಿತು ಪೂರ್ತಿ ನೋಡಿಲ್ಲ, ನೋಡುವುದೂ ಇಲ್ಲ. ಅವ್ವ ಬರುತ್ತೇನೆ ಎಂದಿದ್ದಾಳೆ. ಅವಳ ಪಕ್ಕದ ಕುರ್ಚಿ ಹಿಡಿದಿಟ್ಟಿದ್ದೇನೆ.

ನಿಮ್ಮ,
ಸುಗಲಾ