ಅಪ್ಪ ಬಿಚ್ಚಿ ಹೊಲಿದ ಎದೆಪಟ್ಟಿ

ಅಪ್ಪಾ,

ಬೆಳಿಗ್ಗೆ ಎದ್ದವಳೇ ನಿನ್ನ ಹತ್ತಿರ ಜಗಳಕ್ಕೆ ಬರ್ತಿದ್ದೆ. ಎದೆಬಡಿತ ಅಳೆಯೋ ಪಟ್ಟಿಯನ್ನ ಇನ್ನೊಂದು ದಿನ ಸುಮ್ಮನೆ ಕಟ್ಟಿಕೋ ಅಂದರೆ, ಹೊಲಿಗೆ ಅಸಹ್ಯವಾಗಿದೆ ಅಂತ ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದಿದ್ದೀಯಲ್ಲ! ಅದು ನಮ್ಮ ಎಂಟು ತಿಂಗಳ ಕೆಲಸ, ನಿನ್ನ ಗಿರಾಕಿಯ ಪ್ಯಾಂಟಲ್ಲ.

ಆಮೇಲೆ ನಿನ್ನೆಯ ಎದೆಬಡಿತದ ಗ್ರಾಫ್ ನೋಡಿದೆ. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಹಾಲು ಉಕ್ಕಿದೆ, ಒಲೆ ಒರೆಸಿಬಿಡು.

ಇಷ್ಟು ದಿನ ನೀನು ಹೊಲಿಗೆ ಮೆಷಿನ್ ತುಳಿದಾಗಲೆಲ್ಲ ಪಟ್ಟಿ ಅಲುಗಾಡಿ, ನಿನ್ನ ಕಾಲಿನ ಲೆಕ್ಕವನ್ನೇ ಎದೆಬಡಿತ ಅಂತ ತೋರಿಸ್ತಿತ್ತು. ಬಿಗಿ ಮಾಡಿದರೆ ಮೈಯೆಲ್ಲ ಕೆರೆತ. ನೀನೋ, ಬಡಿತ ಹಿಡಿಯೋ ಸೆನ್ಸರನ್ನ ಒಳಗೆ ಬೇರೆ ತುಂಡು ಬಟ್ಟೆ ಮೇಲೆ ಕೂರಿಸಿ, ಸುತ್ತ ಸಡಿಲವಾಗಿ ಎಲಾಸ್ಟಿಕ್ ಬಿಟ್ಟಿದ್ದೀಯ. ಈಗ ಪಟ್ಟಿ ಜಾರಿದರೂ ಸೆನ್ಸರ್ ಮೈ ಬಿಡಲ್ಲ! ನಿನ್ನೆ ಇಡೀ ದಿನ ತುಳಿದಿದ್ದೀಯ, ಒಂದು ಬಡಿತವೂ ತಪ್ಪಿಲ್ಲ.

ಇವತ್ತು ಸರಿ ಬರದಿದ್ದರೆ ಈ ಕೆಲಸವನ್ನೇ ನಿಲ್ಲಿಸ್ತೀವಿ ಅಂದಿದ್ದರು ನಮ್ಮ ಮೇಡಂ. ಫೋನ್ ಮಾಡಿ ಹೇಳಿದೆ. "ಯಾವ ಇಂಜಿನಿಯರ್ ಮಾಡಿದ್ದು?" ಅಂದರು. "ನಮ್ಮಪ್ಪ, ಟೈಲರು" ಅಂದೆ. ಗ್ರಾಫ್ ಕಳಿಸು ಅಂದರು, ಕಳಿಸಿದೆ. ಆಮೇಲೆ "ಕರ್ಕೊಂಡು ಬಾ" ಅಂದರು.

ಮೂರು ಗಂಟೆಗೆ ಆಫೀಸಿಗೆ ಬಾ. ಪಟ್ಟಿ ಕಪಾಟಿನ ಮೇಲಿದೆ, ಕಟ್ಟಿಕೊಂಡೇ ಬಾ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೋ. ಊರಿನವರಿಗೆಲ್ಲ ಹೊಲಿದುಕೊಟ್ಟು ನೀನು ಗುಂಡಿ ಕಿತ್ತುಹೋದ ಅಂಗಿಯಲ್ಲಿ ಬರಬೇಡ. ಕತ್ತರಿ ತಾ, ಇನ್ನೂ ಐದು ಪಟ್ಟಿ ಬಿಚ್ಚೋದಿದೆ.

ಅಷ್ಟು ಜನರ ಮುಂದೆ ನಿಂತಾಗ ಎದೆ ಡವಡವ ಅಂದರೆ ಗಾಬರಿಯಾಗಬೇಡ. ಎಲ್ಲರೂ ಅದನ್ನ ನೋಡೋಕೇ ಕಾಯ್ತಿರ್ತಾರೆ.

ಪುಟ್ಟಿ