ಟ್ರಂಪೆಟ್ಟಿನಲ್ಲಿ ಮಗಳ ಉಸಿರು

ಡಿಸೆಂಬರ್ ೯, ರಾತ್ರಿ ಎರಡೂವರೆ

ಮಗಳ ಗೊರಗೊರ ಉಸಿರು ಕೇಳಿ ಎದ್ದು ಓಡಿದೆ. ಅವಳು ತೊಟ್ಟಿಲಲ್ಲಿ ನೆಮ್ಮದಿಯಾಗಿ ಮಲಗಿದ್ದಳು. ಸದ್ದು ಬರುತ್ತಿದ್ದದ್ದು ನಾನು ಹಾಕಿಟ್ಟು ನಿದ್ದೆಹೋಗಿದ್ದ ರೇಡಿಯೋದಿಂದ. ಇವರ ಸಂಗೀತ ಕಚೇರಿಯ ನೇರ ಪ್ರಸಾರ. ಇವರು ಹೋಗಿರುವ ಊರಲ್ಲಿ ಈಗಿನ್ನೂ ಸಂಜೆ.

ಸ್ವರವಿಲ್ಲದೆ ಬರೀ ಗಾಳಿ ಊದುವ ಇವರ ಟ್ರಂಪೆಟ್ಟಿಗೆ ಇಷ್ಟು ವರ್ಷ ಯಾರೂ ಕಿವಿಗೊಟ್ಟಿರಲಿಲ್ಲ. "ಅಳಿಯಂದ್ರು ಒಲೆ ಊದಿದ್ರೂ ನಾಲ್ಕು ಜನಕ್ಕೆ ಅಡುಗೆ ಆಗ್ತಿತ್ತು ಕಣೇ" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಮಗು ಉಸಿರಿಗೆ ಒದ್ದಾಡುವಾಗ ಇವರು ಮಂಚದ ಪಕ್ಕ ಕಣ್ಣು ಮುಚ್ಚಿ ಕೂತಿದ್ದರು. ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಆ ಉಸಿರನ್ನು ಕಲಿಯುತ್ತಿದ್ದರು.

ರೇಡಿಯೋದಲ್ಲಿ ಆ ಉಸಿರು ಸಣ್ಣದಾಗುತ್ತಾ ಹೋಗಿ ನಿಂತೇಬಿಟ್ಟಿತು. ಆಮೇಲೆ ಚಪ್ಪಾಳೆ. ಇವರಿಗೆ ಅಂಥ ಚಪ್ಪಾಳೆ ಬಿದ್ದದ್ದು ಇದೇ ಮೊದಲು.

ಮಗುವಿನ ಎದೆಯ ಮೇಲೆ ಕೈ ಇಟ್ಟಿದ್ದೇನೆ, ತೆಗೆಯಲು ಧೈರ್ಯವಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾಳೆಯೂ ಇದನ್ನೇ ನುಡಿಸುತ್ತಾರಂತೆ.

ರೀ, ನೀವು ನನ್ನ ಡೈರಿ ಓದುವವರಲ್ಲ, ಗೊತ್ತು. ಆದರೂ ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ. ಅಲ್ಲಿ ನಿಂತದ್ದು ನಮ್ಮ ಮಗುವಿನ ಉಸಿರಲ್ಲ, ಬೇರೆ ಏನೋ ಎಂದು ಸುಳ್ಳಾದರೂ ಹೇಳಿ. ದಮ್ಮಯ್ಯ, ಫೋನ್ ಮಾಡಿ, ಬೆಳಗಾಗುವುದರೊಳಗೆ