ನಾನು ಶೆಡ್ ಎಂದು ಬರೆಸಿದ ಮನೆ

ದ್ವೀಪ ಅಭಿವೃದ್ಧಿ ಮತ್ತು ಪ್ರವಾಸೋದ್ಯಮ ಕಚೇರಿಯ ಮುಖ್ಯ ಅಧಿಕಾರಿಗಳಿಗೆ, ಪತ್ರಿಕೆಯ ಮೂಲಕ

ಮಾನ್ಯರೇ,

ಮೊನ್ನೆ ಮಧ್ಯಾಹ್ನ ಜೆಟ್ಟಿಯ ಟಿಕೆಟ್ ಕೋಣೆಯಲ್ಲಿ ಕೂತಲ್ಲೇ ಜೋಂಪು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ಕನಸಿನಲ್ಲಿ ನೀವು ಬಂದಿದ್ದಿರಿ. ನಿಮ್ಮನ್ನು ನಾನು ಕಂಡವನಲ್ಲ, ಹಾಗಾಗಿ ನಿಮಗೆ ಮುಖ ಇರಲಿಲ್ಲ, ಕೈಯಲ್ಲಿ ಅಳತೆಯ ಟೇಪು ಮಾತ್ರ ಇತ್ತು. ದಂಡೆಯ ಕೊನೆಯ ಮನೆಯನ್ನು ಈ ಗೋಡೆಯಿಂದ ಆ ಗೋಡೆಗೆ ಅಳೆಯುತ್ತಿದ್ದಿರಿ. ನಡುವೆ ನನ್ನ ಅಕ್ಕ ಕೂತು ಬಲೆ ಹೆಣೆಯುತ್ತಿದ್ದಳು. ಟೇಪು ಅವಳ ಮೈಯೊಳಗಿಂದಲೇ ಹಾದುಹೋಯಿತು. "ಇದು ಯಾರು?" ಎಂದು ಕೇಳಿದಿರಿ. "ಯಾರೂ ಇಲ್ಲ ಸಾರ್" ಎಂದೆ. ಲಾಂಚಿನ ಹಾರ್ನಿಗೆ ಎಚ್ಚರವಾಯಿತು. ಕನಸು ತಾನೇ ಎಂದು ಸಮಾಧಾನ ಮಾಡಿಕೊಳ್ಳುವಂತಿರಲಿಲ್ಲ. ಆ ಮಾತನ್ನು ನಾನು ಎಚ್ಚರವಿದ್ದಾಗಲೇ ಆಡಿ ಆಗಿತ್ತು.

ವಿಷಯ ಇಷ್ಟೇ. ನಮ್ಮ ದ್ವೀಪದ ಪಡುವಣ ದಂಡೆಯ ಕೊನೆಯ ಮನೆಗೆ ನಿಮ್ಮ ಕಚೇರಿ ನೋಟಿಸ್ ಅಂಟಿಸಿದೆ. "ವಾಸವಿಲ್ಲದ ಶೆಡ್" ಎಂದು ಅದರಲ್ಲಿದೆ. ಇಪ್ಪತ್ತೊಂದು ದಿನದಲ್ಲಿ ಕೆಡವುತ್ತೀರಂತೆ, ಒಂಬತ್ತು ದಿನ ಆಗಲೇ ಹೋಯಿತು. ಅಲ್ಲಿ ನನ್ನ ಅಕ್ಕ ವಾಸವಿದ್ದಾಳೆ. ನಿಮ್ಮ ದಾಖಲೆ ಸುಳ್ಳು. ಆ ಸುಳ್ಳನ್ನು ನಿಮಗೆ ಕೊಟ್ಟವನು ನಾನು.

ನಾನು ಜೆಟ್ಟಿಯಲ್ಲಿ ಹಗ್ಗ ಹಿಡಿಯುವವನು. ಲಾಂಚಿನಿಂದ ಎಸೆದ ಹಗ್ಗ ಹಿಡಿದು ಕಬ್ಬಿಣದ ಗೂಟಕ್ಕೆ ಸುತ್ತುವುದು, ಹಲಗೆ ಹಾಕುವುದು, ಇಳಿಯುವವರ ಕೈ ಹಿಡಿದು "ನಿಧಾನ, ನಿಧಾನ" ಎನ್ನುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ನೀರಿಗೆ ಬಿದ್ದಿಲ್ಲ. ಆದರೂ ಪ್ರತಿ ಸಲ ಈಗ ಬಿದ್ದರು ಎಂದೇ ಎದೆ ಹೊಡೆದುಕೊಳ್ಳುತ್ತದೆ. ಕಟ್ಟಿದ ಗಂಟನ್ನು ಮೂರು ಸಲ ಮುಟ್ಟಿ ನೋಡದೆ ಮನೆಗೆ ಹೋದವನಲ್ಲ. ಓದಿದ್ದು ಏಳನೆಯ ತರಗತಿ, ಅದೂ ಅರ್ಧ. ಶಾಲೆ ಆಚೆ ದಡದಲ್ಲಿತ್ತು, ಆ ವರ್ಷ ದೋಣಿ ಒಡೆಯಿತು, ಹೊಸ ದೋಣಿ ಬರುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಆದರೆ ದಯವಿಟ್ಟು ಓದಿ.

ಪ್ರವಾಸಿಗರ ಮೇಲೆ ನನಗೆ ದೂರಿಲ್ಲ. ಅವರು ಬರುವ ಮುಂಚೆ ಲಾಂಚು ಎರಡು ದಿನಕ್ಕೊಂದು. ನನ್ನ ನಾದಿನಿಗೆ ಹೆರಿಗೆಯಾದದ್ದು ದೋಣಿಯಲ್ಲಿ, ಆಸ್ಪತ್ರೆ ಕಣ್ಣಿಗೆ ಕಾಣುತ್ತಿದ್ದ ಹಾಗೆಯೇ. ಈಗ ದಿನಕ್ಕೆ ಆರು ಲಾಂಚು, ಬೀದಿಗೆ ದೀಪ. ಇದೆಲ್ಲ ಬೇಡ ಎನ್ನುವಷ್ಟು ಕೊಬ್ಬು ನನಗಿಲ್ಲ. ನನ್ನ ಮನೆಯ ಮುಂದಿನ ಕೋಣೆಯಲ್ಲೂ ಅತಿಥಿಗಳು ಉಳಿಯುತ್ತಾರೆ. ಹೆಂಡತಿ ಬಿಳಿ ಚಾದರ ಹಾಸಿ ಅದರ ಮೇಲೆ ಟವೆಲ್ಲನ್ನು ಬಾತುಕೋಳಿ ಮಾಡಿ ಕೂರಿಸುತ್ತಾಳೆ. ನಾವು ಅಡುಗೆಕೋಣೆಯಲ್ಲಿ ಮಲಗುತ್ತೇವೆ. "ಬಾತುಕೋಳಿಗೆ ಮಂಚ, ನಮಗೆ ಚಾಪೆ" ಎಂದು ಇಬ್ಬರೂ ನಗುತ್ತೇವೆ. ಮೊದಮೊದಲು ನಿಜವಾಗಿಯೂ ನಗು ಬರುತ್ತಿತ್ತು.

ಆದರೆ ಲಾಂಚಿನ ಜೊತೆಗೆ ನೀವು ಇನ್ನೊಂದು ಸಾಮಾನನ್ನೂ ಕಳಿಸಿದಿರಿ. ಅದರ ಹೆಸರು ನಾಚಿಕೆ. ಮೂರು ದಿನ ಊರಿನ ಹೊಸ ಶಾಲೆಯ ಹಜಾರದಲ್ಲಿ ನಮಗೆಲ್ಲ "ಅತಿಥಿ ಸತ್ಕಾರ ತರಬೇತಿ" ಕೊಡಿಸಿದಿರಿ. ಪಾಠ ಹೇಳಿದ ಮೇಡಂ ಒಳ್ಳೆಯವರು. "ಬಂದವರ ಕಣ್ಣಿನಿಂದ ನಿಮ್ಮ ಮನೆಯನ್ನು ಒಮ್ಮೆ ನೋಡಿ" ಎಂದರು. ನೋಡಿದೆವು. ಅವತ್ತಿನಿಂದ ನಮ್ಮ ಕಣ್ಣು ನಮಗೆ ವಾಪಸ್ ಸಿಕ್ಕಿಲ್ಲ. ಬಲೆಯನ್ನು ದಂಡೆಯ ಗೋಡೆಯ ಮೇಲೆ ಒಣಹಾಕಬಾರದು, ಅದು ವಾಸನೆ. ಅದೇ ಬಲೆಯನ್ನು ಹೋಟೆಲಿನ ಗೋಡೆಗೆ ಮೊಳೆ ಹೊಡೆದು ತೂಗಿಸಬಹುದು, ಅದು ಅಲಂಕಾರ. ಬಂದವರನ್ನು "ಯಾವೂರು, ಮಕ್ಕಳೆಷ್ಟು" ಎಂದು ಕೇಳಬಾರದು. ಹಾಗಾದರೆ ಮನುಷ್ಯರ ಹತ್ತಿರ ಮತ್ತೇನನ್ನು ಕೇಳಬೇಕು ಸ್ವಾಮಿ? ಅಂಗಡಿಯಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುವುದನ್ನು ಬಿಟ್ಟಳು. ಬಡಗಿ ತನ್ನ ಅಪ್ಪನಿಗೆ, "ಅತಿಥಿಗಳು ಊಟಕ್ಕೆ ಕೂತಿದ್ದಾಗ ಹಿಂದಿನ ಬಾಗಿಲಿಂದ ಓಡಾಡಪ್ಪ" ಎಂದ. ಆ ಮನೆ ಕಟ್ಟಿದವನು ಆ ಅಪ್ಪನೇ. ಇದನ್ನೆಲ್ಲ ನೀವು ಮಾಡಿಸಿದಿರಿ ಎಂದರೆ ತಪ್ಪಾಗುತ್ತದೆ, ನಾವೇ ಮಾಡಿದೆವು. ತರಬೇತಿಯ ಕೊನೆಗೆ ಪ್ರಮಾಣಪತ್ರ ಕೊಟ್ಟಿರಿ. ನನ್ನ ಆಯುಷ್ಯದಲ್ಲಿ ಸಿಕ್ಕಿದ ಒಂದೇ ಪ್ರಮಾಣಪತ್ರ ಅದು. ಗಾಜು ಹಾಕಿಸಿ ಗೋಡೆಗೆ ತಗುಲಿಸಿದ್ದೇನೆ.

ಅದಾಗಿ ಎರಡು ತಿಂಗಳಿಗೆ ನಿಮ್ಮ ಸರ್ವೆಯವರು ಬಂದರು. ದಾರಿ ತೋರಿಸಲು ನನ್ನನ್ನೇ ಕರೆದರು. ನಮ್ಮ ಹಿಂದೆ ಅದೇ ಲಾಂಚಿನಲ್ಲಿ ಬಂದ ಅತಿಥಿ ದಂಪತಿ ನಡೆಯುತ್ತಿದ್ದರು. ದಂಡೆಯ ಕೊನೆಗೆ ಬಂದೆವು. ಅಲ್ಲಿ ಅಕ್ಕನ ಮನೆ. ಅರ್ಧ ಹಲಗೆ, ಅರ್ಧ ತಗಡು, ತಗಡು ತೂತಾದ ಕಡೆ ಹಳೆಯ ದೋಣಿಯ ಟಾರ್ಪಾಲು. ಹಗ್ಗದ ಮೇಲೆ ಅವಳ ಹರಿದ ಬಟ್ಟೆ ಒಣಗುತ್ತಿತ್ತು. ಊರೆಲ್ಲ ಅವಳನ್ನು ದಂಡೆಯಕ್ಕ ಎನ್ನುತ್ತದೆ. ನಾಲ್ಕು ದೋಣಿಗಳ ಬಲೆ ರಿಪೇರಿ ಅವಳ ಕೈಯಲ್ಲೇ. ಹಿಂದಿನಿಂದ ಆ ಅತಿಥಿ ಹೆಂಗಸು, "ಅಯ್ಯೋ, ಇಲ್ಲಿ ಯಾರಾದ್ರೂ ಇರ್ತಾರಾ?" ಎಂದು ಗಂಡನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಪಾಪ, ಕನಿಕರದಿಂದಲೇ ಕೇಳಿದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಸರ್ವೆಯವರು ಪೆನ್ನು ತೆಗೆದರು. "ಇದೇನ್ರೀ?"

"ಶೆಡ್ಡು ಸಾರ್. ಬಲೆ ಇಡ್ತೀವಿ."

"ಯಾರೂ ಇರಲ್ವಾ?"

"ಇಲ್ಲ ಸಾರ್."

"ಮತ್ತೆ ಹೊಗೆ ಬರ್ತಿದೆ?"

"ದೋಣಿಗೆ ಬಳಿಯೋಕೆ ಟಾರು ಕಾಯಿಸ್ತಾರೆ ಸಾರ್."

"ಬಟ್ಟೆ?"

"ಒರೆಸೋ ಬಟ್ಟೆ ಸಾರ್."

ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ಎಂದರೆ ನನಗೇ ಆಶ್ಚರ್ಯ. ಜನ್ಮದಲ್ಲಿ ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಕೊಟ್ಟವನಲ್ಲ. ಒಳಗೆ ಪಾತ್ರೆ ಉಜ್ಜುವ ಸದ್ದಾಗುತ್ತಿತ್ತು. "ಇಲ್ಲ ಸಾರ್" ಎಂದ ಕ್ಷಣ ಅದು ನಿಂತಿತು. ನಮ್ಮ ನಡುವೆ ಇದ್ದದ್ದು ಒಂದು ಹಲಗೆ. ಅವಳು ಹೊರಗೆ ಬರಲಿಲ್ಲ. ತಮ್ಮ ಏನೋ ಕಾರಣಕ್ಕೆ ಹೀಗೆ ಹೇಳುತ್ತಿದ್ದಾನೆ, ನಾನು ಬಂದರೆ ಅವನಿಗೆ ಅವಮಾನ ಎಂದು ಉಸಿರು ಬಿಗಿಹಿಡಿದು ಕೂತಿದ್ದಳು. ಸರ್ವೆಯವರು ಬರೆದುಕೊಂಡರು, ಸಾಕ್ಷಿಯ ಜಾಗ ತೋರಿಸಿದರು, ನಾನು ಸಹಿ ಹಾಕಿದೆ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನ ಸುಳ್ಳು ಲಾಂಚು ಹತ್ತಿ, ನಿಮ್ಮ ಮೇಜಿಗೆ ಹೋಗಿ, ಮುದ್ರೆ ಒತ್ತಿಸಿಕೊಂಡು ವಾಪಸ್ ಬಂತು.

ಆ ಸಂಜೆ ಅಕ್ಕನ ಮನೆಗೆ ಹೋದೆ. ಬೈದರೆ ಸಾಕಿತ್ತು. ಅವಳು ಬಲೆಯ ಮೇಲಿನ ಕಣ್ಣು ತೆಗೆಯದೆ, "ಯಾಕೋ ತಮ್ಮಾ, ನಾನೇನು ಬಲೆನಾ?" ಎಂದಳು, ಅಷ್ಟೇ.

ನೋಟಿಸ್ ಬಂದ ದಿನ ಕರೆಸಿದಳು. ಅವಳಿಗೆ ಓದಲು ಬರುವುದಿಲ್ಲ. "ಅಂಟು ಚೆನ್ನಾಗಿದೆ, ಉಗುರು ಹಾಕಿದ್ರೂ ಬರ್ತಿಲ್ಲ. ಏನು ಬರೆದಿದ್ದಾರೆ ಓದು" ಎಂದಳು. ಓದಿದೆ. "ವಾಸವಿಲ್ಲದ" ಎಂಬುದು ಬಂದಾಗ ಉಗುಳು ನುಂಗಿ ಮುಂದಕ್ಕೆ ಹೋದೆ.

"ನಡುವೆ ಏನೋ ನುಂಗಿದೆಯಲ್ಲ?"

"ಏನಿಲ್ಲ ಅಕ್ಕ."

"ನಿನಗೆ ಅನ್ನ ತಿನ್ನಿಸಿದೋಳು ನಾನು. ನೀನು ನುಂಗೋದು ನನಗೆ ಗೊತ್ತಾಗಲ್ವಾ? ಓದು."

ಓದಿದೆ. "ಸರಿಯಾಗೇ ಬರೆದಿದ್ದಾರೆ. ನೀನು ಹೇಳಿದ್ದನ್ನೇ ತಾನೇ ಬರೆದಿರೋದು. ನನ್ನ ಹೆಸರಲ್ಲಿ ಅರ್ಜಿ ಗಿರ್ಜಿ ಬೇಡ. ಹೇಳಿದೋನು ನೀನು, ಅಳಿಸೋನೂ ನೀನೇ" ಎಂದಳು.

ಅಳಿಸಲು ಒಂದು ಅರ್ಜಿ ಬರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಮೂರನೆಯ ಕೌಂಟರಿನ ಗುಮಾಸ್ತರು ಕಡತ ತರಿಸಿದರು. ಅಕ್ಕನ ವಿಳಾಸ ಕೇಳಿದರು.

"ಆ ಮನೆಯೇ ಸಾರ್."

"ಅದು ಶೆಡ್ ರೀ. ಶೆಡ್ಡಿಗೆ ವಿಳಾಸ ಇರಲ್ಲ."

"ಅಕ್ಕ ಇದ್ದಾರಲ್ಲ ಸಾರ್ ಅಲ್ಲಿ."

"ಇದ್ದರೆ ಅದು ಮನೆ ಆಗಿರ್ತಿತ್ತು. ಮನೆ ಅಲ್ಲ ಅಂದಮೇಲೆ ಅವರು ಹೇಗಿರ್ತಾರೆ?"

ವಾದದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ನನ್ನ ಮುಖ ನೋಡಿ ಅವರಿಗೂ ಅಯ್ಯೋ ಎನಿಸಿರಬೇಕು. "ಯಾರೋ ತಲೆಕೆಟ್ಟೋನು ಯಾರೂ ಇಲ್ಲ ಅಂತ ಬರೆಸಿದ್ದಾನೆ. ಅಂಥೋರನ್ನ ಸುಮ್ನೆ ಬಿಡಬಾರದು, ಇರಿ, ಹೆಸರು ನೋಡ್ತೀನಿ" ಎಂದು ಹಾಳೆ ತಿರುವಿದರು. ಸಹಿ ನೋಡಿದರು. ನನ್ನ ಅರ್ಜಿಯ ಸಹಿ ನೋಡಿದರು. ಮತ್ತೆ ನನ್ನನ್ನು ನೋಡಿದರು. ಸಾಲಿನಲ್ಲಿ ನನ್ನ ಹಿಂದೆ ನಿಂತವರೂ ಕತ್ತು ಚಾಚಿ ನೋಡಿದರು. ಗುಮಾಸ್ತರು ಬೈಯಲಿಲ್ಲ. ಮರುಪರಿಶೀಲನೆಯ ಅರ್ಜಿಯ ನಮೂನೆಯೊಂದನ್ನು ಮೆಲ್ಲಗೆ ನನ್ನತ್ತ ತಳ್ಳಿ, "ತುಂಬಿಸಿ ಕೊಡಿ. ಸಮಯ ಹಿಡಿಯುತ್ತೆ" ಎಂದರು. ಎಷ್ಟು ಸಮಯ ಎಂದರೆ, ಇಪ್ಪತ್ತೊಂದು ದಿನಕ್ಕಿಂತ ಜಾಸ್ತಿಯಂತೆ. ಆದರೂ ಅಲ್ಲೇ ನಿಂತು ತುಂಬಿಸಿ ಕೊಟ್ಟೆ.

ಇಷ್ಟರ ಮೇಲೆ ಜೆಟ್ಟಿಯ ಫಲಕದಲ್ಲಿ ನಿಮ್ಮ ಯೋಜನೆಯ ಚಿತ್ರ ಅಂಟಿಸಿದ್ದಾರೆ. ಅಕ್ಕನ ಮನೆ ಇರುವ ಜಾಗದಲ್ಲೇ ನೀವು ಕಟ್ಟಲಿರುವುದು "ಸಾಂಪ್ರದಾಯಿಕ ಮೀನುಗಾರರ ಮನೆ: ಮಾದರಿ". ಹಲಗೆಯ ಗೋಡೆ, ತಗಡಿನ ಸೂರು, ಬಾಗಿಲಲ್ಲಿ ಕೂತು ಬಲೆ ಹೆಣೆಯುವ ಒಬ್ಬ ಹೆಂಗಸಿನ ಬೊಂಬೆ. ನಿಜವಾದ ಮನೆ ಕಣ್ಣಿಗೆ ಚುಚ್ಚುತ್ತದೆ, ಅದರ ಬೊಂಬೆ ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ. ಇದು ನಿಮ್ಮ ಜಾಣತನವೋ ನಮ್ಮ ಹಣೆಬರಹವೋ? ಬೊಂಬೆಗೆ ಒಂದು ಅನುಕೂಲ ಇದೆ ನಿಜ. ಅದಕ್ಕೆ ತಮ್ಮಂದಿರು ಇರುವುದಿಲ್ಲ.

ಇದನ್ನು ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಹೆಂಡತಿ, "ಊರೆಲ್ಲ ಓದುತ್ತೆ. ನಾಳೆ ಜೆಟ್ಟಿಯಲ್ಲಿ ಹೇಗೆ ನಿಲ್ತೀರಿ? ಮರ್ಯಾದೆ ಬೇಡ್ವಾ?" ಎಂದಳು. ಮರ್ಯಾದೆ ಉಳಿಸಿಕೊಳ್ಳಲು ಹೋಗಿಯೇ ಇಲ್ಲಿಗೆ ಬಂದದ್ದು ಎಂದೆ. ಅವಳು ಪೆನ್ನು ಹುಡುಕಿ ಕೊಟ್ಟಳು. ಜನರೆದುರಿಗೆ ಆಡಿದ ಸುಳ್ಳನ್ನು ಕೌಂಟರಿನ ಕಿಂಡಿಯಲ್ಲಿ ಪಿಸುಗುಟ್ಟಿ ವಾಪಸ್ ಪಡೆಯಲು ಆಗುವುದಿಲ್ಲ ಎಂದು ನನಗೆ ಅರ್ಥವಾಗಿದೆ. ಆ ಅತಿಥಿ ದಂಪತಿ ಇದನ್ನು ಓದಿದರೆ ಅವರಿಗೂ ಉತ್ತರ ಹೇಳಿದಂತಾಗಲಿ: ಹೌದಮ್ಮ, ಇರ್ತಾರೆ. ನನ್ನ ಅಕ್ಕ ಇರ್ತಾರೆ.

ಆದ್ದರಿಂದ ಮಾನ್ಯರೇ, ನಾನು ಕೇಳುವುದು ದೊಡ್ಡದಲ್ಲ. ಸುಳ್ಳು ಸಾಕ್ಷಿಗೆ ಶಿಕ್ಷೆ ಇದ್ದರೆ ನನಗೆ ಕೊಡಿ, ಜೆಟ್ಟಿಯ ಕೆಲಸದಿಂದ ತೆಗೆಯಿರಿ, ಪ್ರಮಾಣಪತ್ರವನ್ನೂ ವಾಪಸ್ ತೆಗೆದುಕೊಳ್ಳಿ. ಆದರೆ ಉಳಿದ ಹನ್ನೆರಡು ದಿನದೊಳಗೆ ಒಬ್ಬರನ್ನು ಕಳಿಸಿ. ಮೊದಲೇ ತಿಳಿಸಬೇಡಿ, ತಿಳಿಸಿದರೆ ನಾವು ಏನನ್ನಾದರೂ ಅಡಗಿಸಿಟ್ಟುಬಿಡುತ್ತೇವೆ, ಈಗ ನಮಗೆ ಅದೇ ಅಭ್ಯಾಸ. ಬಂದವರು ನನ್ನನ್ನಾಗಲಿ ಊರವರನ್ನಾಗಲಿ ಕೇಳುವುದು ಬೇಡ. ನೇರವಾಗಿ ಹೋಗಿ ಬಾಗಿಲು ತಟ್ಟಲಿ. "ಯಾರದು?" ಎಂದು ಒಳಗಿನಿಂದ ಕೇಳುತ್ತಾಳೆ. ಅದನ್ನು ಕೇಳಿಸಿಕೊಂಡು, ದಾಖಲೆಯಲ್ಲಿ "ವಾಸವಿಲ್ಲದ" ಎಂದಿರುವ ಜಾಗದಲ್ಲಿ "ವಾಸವಿದೆ" ಎಂದು ಬರೆದುಕೊಂಡು ಬರಲಿ. ನೋಟಿಸ್ ಹಿಂದಕ್ಕೆ ತೆಗೆದುಕೊಳ್ಳಿ.

ಇಂತಿ, ತಲೆ ಎತ್ತಿ ಸಹಿ ಹಾಕಲಾಗದ,
ಜೆಟ್ಟಿಯಲ್ಲಿ ಹಗ್ಗ ಹಿಡಿಯುವವನು, ದಂಡೆಯಕ್ಕನ ತಮ್ಮ

ಸಹಿ ಹಾಕಿದ ಮೇಲೆ ಇನ್ನೊಂದು ಹೆದರಿಕೆ ಹಿಡಿದುಕೊಂಡಿದೆ. ಕೌಂಟರಿನಲ್ಲಿ ತುಂಬಿಸಿ ಕೊಟ್ಟ ನಮೂನೆಯ ಏಳನೆಯ ಕಾಲಮಿನಲ್ಲಿ "ಈ ಕಟ್ಟಡದಲ್ಲಿ ಹುಟ್ಟಿದವರು ಎಷ್ಟು ಮಂದಿ" ಎಂದು ಕೇಳಿದ್ದರು. ಸಾಲಿನಲ್ಲಿದ್ದವರು ನೋಡುತ್ತಿದ್ದರು, ನಾನು "ಒಂದು" ಎಂದು ಬರೆದೆನೋ ಏನೋ. ಅದೊಂದನ್ನು ಇನ್ನೊಮ್ಮೆ ತೆಗೆದು ನೋಡಿ. ಒಂದು ಎಂದಿದ್ದರೆ ಎರಡು ಎಂದು ತಿದ್ದಿ. ಅಕ್ಕ ಒಬ್ಬಳು, ಇನ್ನೊಬ್ಬ ನಾನು.